ಹೊಳೆ ಬತ್ತಿದ ಪುಸ್ತಕ

ತೊಂಬತ್ತರ ದಶಕದ ಕೊನೆಯಲ್ಲಿ ಸಿದ್ದಾಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು ಮೊದಲ ತಿಂಗಳಲ್ಲೇ ಗ್ರಂಥಾಲಯದ ಸದಸ್ಯೆಯಾದೆ. ಆರಿಸಿಕೊಳ್ಳುತ್ತಿದ್ದುದು ಮಾತ್ರ ಎಂಥ ಪುಸ್ತಕಗಳು! ಬೋಳಾಗುವ ಗುಡ್ಡ, ವಿಷದ ಗಾಳಿ, ಸಾಯುವ ಕಡಲು. ಕಾದಂಬರಿಯಾದರೂ ಸರಿ, ಲೇಖನವಾದರೂ ಸರಿ, ಕೊನೆಗೆ ಎಲ್ಲ ಹಾಳಾಗಲೇಬೇಕು.

ಒಂದು ಕಾದಂಬರಿಯಲ್ಲಿ ಊರಿನವರು ಕಾಡು ಕಡಿದು ಹೊಳೆ ಬತ್ತುತ್ತದೆ. ಕೊನೆಗೆ ಅವರೇ ಉಳಿದ ನಾಲ್ಕು ಮೀನುಗಳನ್ನು ಕೊಡದಲ್ಲಿ ಹೊತ್ತು ನೀರು ಹುಡುಕುತ್ತ ನಡೆಯುತ್ತಾರೆ. ಅಲ್ಲಿಯವರೆಗೆ ಓದಿದ ದಿನ ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ.

“ಎಂತಾ ಆತೇ?” ಅಂದರು ಅತ್ತೆ.

“ಎಂತದೂ ಇಲ್ಲೆ.”

ಹೊಸ ಸೊಸೆ ಕಣ್ಣು ಕೆಂಪಗೆ ಮಾಡಿಕೊಂಡು ಹೀಗಂದರೆ ಯಾವ ಅತ್ತೆ ನಂಬುತ್ತಾರೆ? ಮಾವನಿಂದ ನನ್ನ ತವರು ವಜ್ರಳ್ಳಿಗೆ ಫೋನ್ ಮಾಡಿಸಿಯೇಬಿಟ್ಟರು.

ಮರುದಿನ ಅಪ್ಪಯ್ಯ ಯಲ್ಲಾಪುರ, ಶಿರಸಿ ಎಂದು ಬಸ್ಸು ಬದಲಿಸುತ್ತ ಬಂದಿಳಿದರು. ನನ್ನನ್ನು ಜಗಲಿಯ ಮೂಲೆಗೆ ಕರೆದು, “ಮನೇಲಿ ಯಾರಾದ್ರೂ ಎಂತಾದ್ರೂ ಹೇಳಿದ್ವನೇ?” ಎಂದು ಪಿಸುಗುಟ್ಟಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಉಸಿರು ಬಿಗಿಹಿಡಿದು ನಿಂತಿದ್ದರು. ಪುಸ್ತಕ ತಂದು ತೋರಿಸದೆ ಬೇರೆ ದಾರಿ ಇರಲಿಲ್ಲ. “ಹೊಳೆ ಬತ್ತಿದ್ದಕ್ಕಾ?” ಎಂದ ಅಪ್ಪಯ್ಯ ಅತ್ತೆಯ ಮುಖ ನೋಡಿದರು, ಅತ್ತೆ ನನ್ನ ಮುಖ. ಪಾನಕ ಕುಡಿದು ಅಪ್ಪಯ್ಯ ಮುಂದಿನ ಬಸ್ಸಿಗೇ ಹೊರಟರು.

ನಾಚಿಕೆಯಿಂದ ಸತ್ತೇಹೋದೆ. ಓದಿನ ಸಹವಾಸವೇ ಇನ್ನು ಬೇಡವೆಂದು, ಪುಸ್ತಕ ವಾಪಸು ಕೊಟ್ಟುಬರಲು ಚೀಲ ಹಿಡಿದು ಹೊರಟೆ. ಅತ್ತೆ ಅಡ್ಡ ನಿಂತರು.

“ಪೂರಾ ಓದಿ ಆತಾ?”

“ಇಲ್ಲೆ.”

“ಹಂಗಾರೆ ಕೂತ್ಕ. ದೊಡ್ಡಕೆ ಓದು. ಒಬ್ಳೇ ಅಳದೆಂತಕ್ಕೆ?”

ಬೀಗರೆದುರು ಅವರ ಮಾನ ಹೋಗುವುದರಲ್ಲಿತ್ತು; ಸಿಟ್ಟಾಗಿದ್ದರೆ ತಪ್ಪೇನಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ; ಅವರು ಬಾಳೆಕಾಯಿ ಹೆಚ್ಚುತ್ತ ಕೇಳಿಸಿಕೊಂಡರು, ಕಾಡು ಕಡಿದ ಆ ಊರಿನವರಿಗೆ ನಡುನಡುವೆ ಬಾಯ್ತುಂಬ ಬೈದರು. ಮುಂದೆ ಹತ್ತು ವರ್ಷ ನಾವಿಬ್ಬರೂ ಹೀಗೇ ಓದಿದೆವು. ಅಂಥ ಪುಸ್ತಕಗಳನ್ನು ನಾನು ಹೆದರಿ ಮುಚ್ಚಿಡದೇ ಇದ್ದದ್ದು ಅವರಿಂದ. ಆ ಋಣ ದೊಡ್ಡದು.

ಅಂದಹಾಗೆ, ಆ ಕಾದಂಬರಿಯಲ್ಲಿ ಹೊಳೆಗೆ ನೀರು ಬರಲೇ ಇಲ್ಲ. ಕೊನೆಯ ಪುಟ ಮುಗಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಅಷ್ಟರಲ್ಲಿ ಒಳಗೆ ಬಂದ ಮಾವ ಇಬ್ಬರನ್ನೂ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು.

“ಈಗ ಯಾರ ಅಪ್ಪಂಗೆ ಫೋನ್ ಮಾಡವು?”