ಎಡಗಡೆಯ ನಾಬ್

ಮುಮ್ತಾಜ್, ಅಂದು ನಿನ್ನ ಅಜ್ಜಿಯ, ನೀನು ಕರೆಯುತ್ತಿದ್ದ ಹಾಗೆ ದಾದಿಯ, ಫೋಟೋ ಬಾರದೆ ಹೋದದ್ದು ನಿನ್ನ ತಪ್ಪಿನಿಂದಲ್ಲ — ನನ್ನ ಸುಳ್ಳಿನಿಂದ. ಇಷ್ಟು ಹೇಳಲು ನಾನು ಮುದುಕಿಯಾಗಬೇಕಾಯಿತು.

ಎಂಬತ್ತರ ದಶಕದ ಆರಂಭದ ಆ ರವಿವಾರಗಳು! ನೆನೆದರೆ ಈಗಲೂ ಮೈಯೆಲ್ಲ ಥ್ರಿಲ್. ಗದಗಿನ ಔಷಧಿ ಅಂಗಡಿಯ ಅಟ್ಟದಲ್ಲಿ ನಮ್ಮ ಫೋಟೋ ಕೂಟ. ನಾನು ಬೆಟಗೇರಿಯಿಂದ ಸೈಕಲ್ ಮೇಲೆ, ನೀನು ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ. ಮೇಜಿನ ತುಂಬ ಎಲ್ಲರ ಪ್ರಿಂಟುಗಳು, ಇನ್ನೂ ಕೆಮಿಕಲ್ ವಾಸನೆ ಹೋಗಿರದಂಥವು. ನಮಗೆಲ್ಲ ಹಿರಿಯರಾಗಿದ್ದ ಡ್ರಾಯಿಂಗ್ ಮಾಸ್ತರು ಹರ್ತಿಯಲ್ಲಿ ನಾನು ತೆಗೆದ ಎಮ್ಮೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸುಶೀಲವ್ವಾ, ಎಮ್ಮಿ ಓಡಾಕ ಹತ್ತಿತ್ತೋ, ನಿನ್ನ ಕೈ ನಡಗಾಕ ಹತ್ತಿತ್ತೋ?" ಎನ್ನುವರು. ಅಟ್ಟವೆಲ್ಲ ನಗು. ಮರುಗಳಿಗೆಯೇ ಅವರು, "ಮೊಣಕೈ ಪಕ್ಕೆಲುಬಿಗೆ ಒತ್ತಿ ಹಿಡಿ, ಉಸಿರು ಬಿಟ್ಟು ಆಮ್ಯಾಲ ಒತ್ತು" ಎಂದು ಕಲಿಸುವರು. ಯಾರೂ ಯಾವ ಗುಟ್ಟನ್ನೂ ಬಚ್ಚಿಡುತ್ತಿರಲಿಲ್ಲ — ಅದೇ ನಮ್ಮ ಹೆಮ್ಮೆಯಾಗಿತ್ತು.

ನಮ್ಮದೊಂದು ನಿಯಮವಿತ್ತು, ನಿನಗೆ ನೆನಪಿರಲೇಬೇಕು. ಒಬ್ಬರು ಕಣ್ಣಿಗೆ ಕ್ಯಾಮೆರಾ ಹಿಡಿದರೆ ಪಕ್ಕದವರು ಅದರ ಎಡಗಡೆಯ ನಾಬ್ ಕಾಯಬೇಕು. ರೀಲು ಮುಂದೆ ಸರಿಸುವ ಲಿವರ್ ಎಳೆದಾಗ ಆ ನಾಬ್ ತಿರುಗಿದರೆ ಒಳಗೆ ರೀಲು ಸರಿಯುತ್ತಿದೆ. ತಿರುಗದಿದ್ದರೆ ರೀಲು ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಲ್ಲ, ಒಂದು ಚಿತ್ರವೂ ಬೀಳುವುದಿಲ್ಲ. ಮಾಸ್ತರು ಸ್ವಂತ ಮಗಳ ನಿಶ್ಚಿತಾರ್ಥದ ಫೋಟೋಗಳನ್ನೇ ಹಾಗೆ ಕಳೆದುಕೊಂಡ ಮೇಲೆ ಬಂದ ಕಾವಲು ಅದು.

ಒಂದು ರವಿವಾರ, ಸೊರಟೂರಿನಲ್ಲಿ ಜೋಳ ತೂರುತ್ತಿದ್ದ ಹೆಂಗಸನ್ನು ನೀನು ತೆಗೆದಿದ್ದ ಚಿತ್ರ ಕೈಯಿಂದ ಕೈಗೆ ಹೋಯಿತು. ಹೊಟ್ಟಿನ ಒಂದೊಂದು ಎಳೆಯೂ ಬೆಳಕಾಗಿ ನಿಂತಿತ್ತು — ಬ್ಯೂಟಿಫುಲ್! ನಾನೂ ಹಾಗೇ ಅಂದೆ. ಅಂದು, ಮೇಜಿನತ್ತ ತಿರುಗಿದರೆ — ನನ್ನ ಪ್ರಿಂಟಿನ ಮೇಲೆ ಯಾರೋ ಚಹಾದ ಕಪ್ಪು ಇಟ್ಟಿದ್ದರು.

ಮರುದಿನ ನಾವಿಬ್ಬರೂ ನಿಮ್ಮ ಮನೆಗೆ ಬಂದೆವಲ್ಲ. ಜೀವಮಾನದಲ್ಲಿ ಒಂದೂ ಫೋಟೋ ತೆಗೆಸಿಕೊಳ್ಳದ ನಿಮ್ಮ ದಾದಿ, ನಿನ್ನ ಕಾಟಕ್ಕೆ ಕೊನೆಗೂ ಒಪ್ಪಿದ್ದರು. ಅಂಗಳದಲ್ಲಿ ಹಳೆ ಬಟ್ಟೆಯ ಕೌದಿ ಹರಡಿ, ಸೂಜಿ ಹಿಡಿದು ಕುಳಿತರು. "ನನ್ನ ಮಾರಿ ಏನ್ ನೋಡ್ತೀಯವಾ, ಕೌದಿ ತಗಿ, ಕೌದಿ" ಎಂದು ಒಮ್ಮೆ ನಕ್ಕರು. ಆಮೇಲೆ ಗಂಭೀರವಾಗಿ, "ಇದೊಂದ ಸಲ ನೋಡು. ಮತ್ತ ಕೇಳಬ್ಯಾಡ" ಎಂದರು.

ನೀನು ಲಿವರ್ ಎಳೆದೆ. ನಾಬ್ ಅಲುಗಲಿಲ್ಲ. ಮತ್ತೆ ಎಳೆದೆ — ಇಲ್ಲ. ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಕೇಳಿದೆ:

"ಸುಶಿ, ತಿರಗಾಕ ಹತ್ತೈತೇನಲೇ?"

"ಹೂಂ. ತಿರಗಾಕ ಹತ್ತೈತಿ."

ಮುಚ್ಚಳ ತೆರೆದು ರೀಲು ಸಿಕ್ಕಿಸಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು? ದಾದಿ ಕಾಯುತ್ತಿದ್ದರು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮುಗಿಯುತ್ತಿತ್ತು. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಪ್ರೈಜ್ ಪಡೆದವಳು ನಾನು — ಆ ಹೂಂ ಎಷ್ಟು ಸಲೀಸಾಗಿ ಬಂತು! ನೀನು ಖುಷಿಯಿಂದ ಕುಣಿಯುತ್ತ ಖಾಲಿ ಕ್ಲಿಕ್ಕುಗಳನ್ನು ಒತ್ತುತ್ತಲೇ ಇದ್ದೆ, ಮುಮ್ತಾಜ್, ಮತ್ತು ನಾನು ನಿನ್ನ ಪಕ್ಕದಲ್ಲಿ...

ಅಟ್ಟದ ಕತ್ತಲೆಕೋಣೆಯಿಂದ ನೀನು ಹೊರಗೆ ತಂದ ಫಿಲ್ಮು ಒಂದೂ ಚಿತ್ರವಿಲ್ಲದೆ ಗಾಜಿನಷ್ಟು ಸ್ವಚ್ಛವಾಗಿತ್ತು. ದಾದಿ ತಮ್ಮ ಮಾತು ಮುರಿಯಲಿಲ್ಲ, ಮತ್ತೆ ಕ್ಯಾಮೆರಾ ಮುಂದೆ ಕೂರಲಿಲ್ಲ. ಅವರು ತೀರಿಹೋದಾಗ ನಿಮ್ಮ ಮನೆಯಲ್ಲಿ ಅವರದೊಂದು ಚಿತ್ರವೂ ಇರಲಿಲ್ಲ. "ಸುಶಿ ಖರೇನ ನೋಡಿರ್ತಾಳ, ನಾನ ರೀಲ್ ಕೆಡಿಸಿರ್ಬೇಕು" ಎಂದು ಮಾಸ್ತರ ಮುಂದೆ ನೀನೇ ಅಂದೆ. ನಿನ್ನ ಕ್ಯಾಮೆರಾ ಪೆಟ್ಟಿಗೆ ಸೇರಿತು. ಮುಂದೊಂದು ರವಿವಾರ ನನ್ನ ಚಿತ್ರವನ್ನು ಎಲ್ಲರೂ ಹೊಗಳಿದಾಗ, ಬರಿಗೈಯಲ್ಲಿ ಬಂದಿದ್ದ ನೀನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ನೀನು ಎಸೆದ ಆ ಫಿಲ್ಮು ನನ್ನಲ್ಲಿದೆ. ಬೆಳಕಿಗೆ ಹಿಡಿದರೆ ಅದರಾಚೆ ಬರೀ ಕಿಟಕಿ ಕಾಣುತ್ತದೆ.

ಈ ರವಿವಾರ ಮೊದಲ ಬಸ್ಸಿಗೆ ನಾನೇ ಲಕ್ಷ್ಮೇಶ್ವರಕ್ಕೆ ಬರುತ್ತೇನೆ, ಅದನ್ನು ಹಿಡಿದುಕೊಂಡು. ನೀನು "ಒಳಗ ಬಾ, ಕುಂಡ್ರು" ಅನ್ನುವ ಮೊದಲೇ, ಹೊಸ್ತಿಲ ಹೊರಗೇ ನಿಂತು ಹೇಳುತ್ತೇನೆ — ತಿರುಗಲಿಲ್ಲ, ಮುಮ್ತಾಜ್. ನಾನು ನೋಡಿದ್ದೆ. ಅದು ತಿರುಗಲಿಲ್ಲ.