ಅತ್ತೆ ಕಿತ್ತ ಮೂಲೆಗಂಬ

ನಮ್ಮ ವಂಶದಲ್ಲಿ ಕಂಬಿ ಕಿತ್ತವರು ಬೇಕಾದಷ್ಟು ಜನ ಇದ್ದಾರೆ. ಕಂಬ ಕಿತ್ತವಳು ಮಾತ್ರ ನನ್ನ ಸೋದರತ್ತೆಯೊಬ್ಬಳೇ. ಹಳೆಯ ಬೇಲಿಗಳ ಮರದ ಕಂಬಗಳನ್ನು ನೆಲದಿಂದ ಹೊರಗೆಳೆಯುವುದು ಅವಳ ಕಸುಬು. ಕೀಳುವುದು ಕೀಳು ಕೆಲಸ ಎಂದು ಮೂಗು ಮುರಿದ ನೆಂಟರಿದ್ದರು. ತಮ್ಮ ಹಿತ್ತಿಲ ಬೇಲಿ ಕೊಳೆತ ದಿನ ಅವರೇ ಅದೇ ಮೂಗಿನ ಮೇಲೆ ಬೆರಳಿಟ್ಟು ಅವಳ ಕೆಲಸ ನೋಡಿದರು.

ಅವಳ ಗಂಡ, ಅಂದರೆ ನಮ್ಮ ಮಾವ, ಬೇಲಿ ಹಾಕುವವರು. ಮೂವತ್ತು ವರ್ಷ ಅವರು ಗುಂಡಿಗೆ ಕಂಬ ಇಳಿಸಿದರು. ಅತ್ತೆ ಎದುರಿಗೆ ನಿಂತು ಒಂದು ಕಣ್ಣು ಮುಚ್ಚಿ, ನೆಟ್ಟಗಿದೆಯೋ ಇಲ್ಲವೋ ಹೇಳಿದಳು. ಆಮೇಲೆ ಮಾವನ ಮಂಡಿ ಕೈಕೊಟ್ಟಿತು. ಅಷ್ಟು ಹೊತ್ತಿಗೆ ಅವರು ನೆಟ್ಟ ಬೇಲಿಗಳಿಗೂ ಮುಪ್ಪು ಬಂದಿತ್ತು. ಅತ್ತೆ ಹಾರೆ ಎತ್ತಿಕೊಂಡಳು, ಮಾವ ಮಡಚುವ ಕುರ್ಚಿಯಲ್ಲಿ ಗೂಟ ಹೊಡೆದುಕೊಂಡು ಕೂತು ಸಲಹೆ ಕೊಡತೊಡಗಿದರು.

ಮನುಷ್ಯರಿಗೆ ವಯಸ್ಸಾಗುವುದು ಸೊಂಟದಲ್ಲಿ, ಕಂಬಕ್ಕೆ ನೆಲಮಟ್ಟದಲ್ಲಿ. ಮಣ್ಣೂ ಗಾಳಿಯೂ ಕೂಡುವ ಆ ಒಂದು ಗೇಣಿನಲ್ಲೇ ಮರ ಕೊಳೆಯುವುದು. ಅವಸರದವರು ಕಂಬ ಹಿಡಿದು ಅಲ್ಲಾಡಿಸುತ್ತಾರೆ, ಅದು ಲಟಕ್ಕನೆ ಅಲ್ಲೇ ಮುರಿದು ಬುಡ ಒಳಗೇ ಉಳಿಯುತ್ತದೆ. ಅತ್ತೆ ಹಿಂದಿನ ಸಂಜೆಯೇ ಬುಡಕ್ಕೆ ನೀರು ಬಿಡುತ್ತಾಳೆ. ಬೆಳಿಗ್ಗೆ ಕೊಳೆತ ಭಾಗ ದಾಟುವವರೆಗೂ ಮಣ್ಣು ಬಿಡಿಸಿ, ಕೆಳಗಿನ ಗಟ್ಟಿ ಮರಕ್ಕೆ ಸರಪಳಿ ಸುತ್ತುತ್ತಾಳೆ. ಪಕ್ಕದಲ್ಲೊಂದು ದಿಮ್ಮಿ, ಅದರ ಮೇಲೆ ಆಳುದ್ದದ ಹಾರೆ, ಹಾರೆಯ ಮೂತಿಗೆ ಸರಪಳಿ. ಇತ್ತಲಿನ ತುದಿ ಒತ್ತಿದರೆ ಕಂಬ ಒಂದು ಬೆರಳು ಮೇಲೇಳುತ್ತದೆ. ಸರಪಳಿ ಬಿಗಿಮಾಡಿ ಮತ್ತೆ ಒತ್ತಿದರೆ ಇನ್ನೊಂದು ಬೆರಳು. ಹೀಗೆ ಹನ್ನೊಂದು ವರ್ಷದಲ್ಲಿ ಅವಳು ಒಂದು ತುಂಡನ್ನೂ ನೆಲದೊಳಗೆ ಬಿಟ್ಟು ಬಂದವಳಲ್ಲ. ಬಂಗಾರದ ಒಡವೆ ಹಾಕಿಕೊಳ್ಳುವವರು ಹಾಕಿಕೊಳ್ಳಲಿ, ಅತ್ತೆ ಮೆರೆಯುವುದು ಇದೊಂದರಲ್ಲೇ.

ಶಾಲೆಯ ಮೈದಾನ ದೊಡ್ಡದಾಗುವುದಿತ್ತು, ಅದಕ್ಕೆ ಹಳೆಯ ಬೇಲಿಯ ನಲವತ್ತಾರು ಕಂಬ ತೆಗೆಯಬೇಕಿತ್ತು. ಮುಖ್ಯೋಪಾಧ್ಯಾಯಿನಿ, ತಮ್ಮ ಹುದ್ದೆಯ ಹೆಸರಿನಷ್ಟೇ ಉದ್ದನೆಯ ಹೆಂಗಸು, ಆತಂಕದಲ್ಲಿದ್ದರು.

"ಸೋಮವಾರ ಓಟದ ಸ್ಪರ್ಧೆ ಇದೆಯಮ್ಮ. ಒಂದು ಮೋಟು ಉಳಿದ್ರೂ ಮಕ್ಕಳ ಕಾಲು ಹೋಗುತ್ತೆ. ಯಂತ್ರ ತರಿಸೋಣ ಅಂದ್ರೆ ಕೆಳಗೆ ನೀರಿನ ಪೈಪಿದೆ."

"ಒಂದು ಚೂರೂ ಉಳಿಯಲ್ಲ ಮೇಡಂ. ಉಳಿದ್ರೆ ನಾಳೆಯಿಂದ ನಾನು ಈ ಕೆಲಸಾನೇ ಮಾಡಲ್ಲ," ಎಂದುಬಿಟ್ಟಳು ಅತ್ತೆ.

ಆ ಬೇಲಿ ಮಾವನದೇ ಕೈಕೆಲಸ. ಇಪ್ಪತ್ತೆಂಟು ವರ್ಷದ ಹಿಂದೆ ಅತ್ತೆ ಏನೋ ಮುನಿಸಿಗೆ ವಾರದ ಮಟ್ಟಿಗೆ ಅಕ್ಕನ ಮನೆಗೆ ಹೋಗಿದ್ದಳು. "ನೀನಿಲ್ದಿದ್ರೂ ಬೇಲಿ ನಿಲ್ಲುತ್ತೆ" ಎಂದು ಮಾವ ಒಬ್ಬರೇ ಹಾಕಿದ್ದು ಅದೊಂದೇ. ಅದರ ಮೂಲೆಗಂಬವನ್ನು ಎಷ್ಟು ಆಳ ಇಳಿಸಿದೆನೆಂಬ ಬಡಾಯಿಯನ್ನು ಅಂದಿನಿಂದ ಅವರ ಬಾಯಲ್ಲಿ ಕೇಳದವರು ಯಾರೂ ಇಲ್ಲ.

ನಾಲ್ಕು ದಿನದ ಕೆಲಸದ ಮೇಲೆ, ಶನಿವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತೈದು ಕಂಬಗಳು ಹುಲ್ಲಿನ ಮೇಲೆ ಸಾಲಾಗಿ ಮಲಗಿದ್ದವು. ಉಳಿದದ್ದು ಆ ಮೂಲೆಯದು. ನೀರಿನ ಬಕೆಟ್ ಹೊರಲು ಹೋಗಿದ್ದ ನನಗೂ ಕಾಣುತ್ತಿತ್ತು, ಅತ್ತೆ ಎಷ್ಟು ಒತ್ತಿದರೂ ಅದು ಕದಲಲಿಲ್ಲ. ಇನ್ನೂ ಜೋರಾಗಿ ಒತ್ತಿದರೆ ಮರ ಸೀಳುವುದು ಖಂಡಿತ.

"ರೀ, ಎಷ್ಟು ಆಳ ಇಳಿಸಿದ್ರಿ ಇದನ್ನ?"

"ನಾಲ್ಕಡಿ. ಎಷ್ಟು ಸಲ ಹೇಳಿಲ್ಲ?"

"ಹೇಳಿದೀರ, ಮಾತ್ರೆ ನುಂಗೋ ಥರ ಊಟಕ್ಕೆ ಮುಂಚೆ, ಊಟ ಆದ್ಮೇಲೆ."

ಮಾವ ನಗಲಿಲ್ಲ. ಬೆಳಿಗ್ಗೆಯಿಂದ ಒಂದು ಸಲಹೆಯನ್ನೂ ಕೊಟ್ಟಿರಲಿಲ್ಲ. ಈಗ ಮೆಲ್ಲಗೆ, "ಬಿಡೇ ಅದನ್ನ, ಒಂದೇ ತಾನೇ? ನೆಲಮಟ್ಟಕ್ಕೆ ಕೊಯ್ದು ಮಣ್ಣೆಳೆದ್ರಾಯ್ತು. ಯಾರು ನೋಡ್ತಾರೆ?" ಎಂದರು.

ಅತ್ತೆ ಹಾರೆಯಿಂದ ಕೈ ತೆಗೆದಳು. "ಏನಂದ್ರಿ? ಕೂದಲೆಳೆ ವಾಲಿದ್ರೂ ಕಿತ್ತು ಮತ್ತೆ ನೆಡ್ತಿದ್ದೋರು, ಯಾರು ನೋಡ್ತಾರೆ ಅಂತ ನೀವು ಹೇಳೋದಾ?"

"ವಯಸ್ಸಾಯ್ತು ಕಣೇ."

"ನಿಮಗಾ, ಕಂಬಕ್ಕಾ?"

ಉತ್ತರಕ್ಕೆ ಕಾಯದೆ ಮತ್ತೆ ಒತ್ತಿದಳು. ಈ ಸಲ ಕಂಬ ನೋಡಲಿಲ್ಲ, ನೆಲ ನೋಡಿದಳು. ಕಂಬದಿಂದ ಮೊಳ ದೂರದಲ್ಲಿ, ಎರಡೂ ಕಡೆ ಮಣ್ಣು ಸಣ್ಣಗೆ ಉಸಿರೆಳೆದಂತೆ ಉಬ್ಬಿ ಇಳಿಯಿತು.

"ಇದಕ್ಕೆ ಕೆಳಗೆ ಕೈಗಳಿವೆ," ಎಂದಳು.

ಮಾವನಿಗೆ ತಟ್ಟನೆ ಶಾಲೆಯ ಸೂರಿನ ಮೇಲಿದ್ದ ಕಾಗೆಯಲ್ಲಿ ವಿಪರೀತ ಆಸಕ್ತಿ ಹುಟ್ಟಿತು.

ಎರಡೂ ಕಡೆ ಅಗೆದೆವು. ಎರಡೇ ಅಡಿಗೆ ಕಂಬದ ಬುಡ ಮುಗಿದುಹೋಗಿತ್ತು! ಬುಡಕ್ಕೆ ಒಂದು ಅಡ್ಡಪಟ್ಟಿ, ನಾಲ್ಕು ದಪ್ಪ ಮೊಳೆ, ಪಟ್ಟಿಯ ಮೇಲೆ ಒತ್ತೊತ್ತಾಗಿ ಜೋಡಿಸಿದ ಕಲ್ಲುಗಳು. ಅತ್ತೆ ಒಂದೊಂದೇ ಕಲ್ಲು ಎತ್ತಿಟ್ಟು, ಸರಪಳಿ ಬಿಗಿದು ಒತ್ತಿದಳು. ಬೆರಳು ಬೆರಳಾಗಿ ಮೇಲೆ ಬಂತು, ಪಟ್ಟಿ ಸಮೇತ, ಒಂದು ಸಿಬಿರೂ ಬಿಡದೆ.

"ನಾಲ್ಕಡಿ," ಎಂದಳು ಅತ್ತೆ.

ಮಾವ ಕಾಗೆಗೇ ಹೇಳುವಂತೆ ಹೇಳಿದರು. "ಗುರುತು ತಪ್ಪಿ ಕೊಯ್ದುಬಿಟ್ಟೆ. ಬೇರೆ ಮರ ಇರ್ಲಿಲ್ಲ. ನೀನಿದ್ದಿದ್ರೆ ಗರಗಸ ಇಡೋಕೆ ಮುಂಚೇನೇ ಬೈತಿದ್ದೆ."

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಬಂದರು. ಸಾಲಿನ ಕೊನೆಯಲ್ಲಿ ಮಲಗಿದ್ದ ಕಂಬದ ಮೇಲೆ ಅವರ ಕಣ್ಣು ನಿಂತಿತು. ಮಿಕ್ಕವಕ್ಕಿಂತ ಅದು ಅಡಿಯಷ್ಟು ಗಿಡ್ಡ.

"ಇದೊಂದೇ ಯಾಕಮ್ಮ ಹೀಗೆ? ಮುರಿದು ಒಳಗೇ ಉಳೀತಾ?"

ಮಾವ ತಲೆ ತಗ್ಗಿಸಿದರು. ಅತ್ತೆ ಕಂಬವನ್ನು ಹೊರಳಿಸಿ ಅಡ್ಡಪಟ್ಟಿ ತೋರಿಸಿದಳು.

"ಇಷ್ಟೇ ಮೇಡಂ ಇದು. ಎರಡೇ ಅಡಿ ನೆಲದಲ್ಲಿ ನಿಂತು ಇಪ್ಪತ್ತೆಂಟು ವರ್ಷ ಎರಡೂ ಕಡೆ ತಂತಿ ಎಳೆತ ತಡೀತು. ಕೂದಲೆಳೆ ವಾಲಿಲ್ಲ. ಮೂರಡಿ ಇದ್ದೋವೆಲ್ಲ ಅರ್ಧರ್ಧ ಗಂಟೇಲಿ ಎದ್ದು ಬಂದ್ವು, ಇದು ಮಧ್ಯಾಹ್ನ ಪೂರ್ತಿ ತಿಂತು. ನೆಟ್ಟೋರು ಅಗೋ, ಅಲ್ಲಿ ಕೂತಿದಾರೆ ನೋಡಿ."

ಮುಖ್ಯೋಪಾಧ್ಯಾಯಿನಿ ನೋಡಿದರು. ಮಾವ ಮಂಡಿಯನ್ನೂ ಲೆಕ್ಕಿಸದೆ ಎದ್ದು ನಿಂತರು. ನಿಂತವರು ಕುಂಟುತ್ತಾ ಬಂದು, ಗುಂಡಿಗೆ ಸಲಿಕೆಯಿಂದ ಮಣ್ಣು ತಳ್ಳತೊಡಗಿದರು. ಅತ್ತೆ ಪದರ ಪದರವಾಗಿ ತುಳಿದಳು. ಎದುರಿಗಿದ್ದ ನನಗೆ ಮಾತ್ರ ಇಬ್ಬರ ಮುಖವೂ ಕಾಣುತ್ತಿತ್ತು, ಯಾರ ಜಂಬ ಯಾರ ಮುಖದಲ್ಲಿದೆಯೆಂದು ಹೇಳುವುದು ಕಷ್ಟವಿತ್ತು.

ಮುಖ್ಯೋಪಾಧ್ಯಾಯಿನಿ ಚಪ್ಪಲಿ ಬಿಟ್ಟು, ಬೇಲಿ ಇದ್ದ ಗೆರೆಯುದ್ದಕ್ಕೂ ಬರಿಗಾಲಲ್ಲಿ ನಿಧಾನವಾಗಿ ನಡೆದು ಬಂದರು. ನಲವತ್ತಾರು ಕಡೆ ಕಾಲೂರಿದರು. ಎಲ್ಲೂ ತಡವರಿಸಲಿಲ್ಲ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೇಕಾದ್ರೆ ಇನ್ನೊಂದು ಸಲ ನೋಡ್ಕೊಳ್ಳಿ ಮೇಡಂ. ಈ ಸಲ ಓಡಿ."