ದೊಡ್ಡಪ್ಪನ ಉತ್ತರಕ್ಕೆ ಹಾಕಿದ ಹಸಿರು ಗುರುತು

ಈ ಬೆಳಿಗ್ಗೆ ಪಕ್ಕದ ಮನೆಯ ಶಿವಮ್ಮ ಒಂದು ಪಾತ್ರೆ ಗಿಣ್ಣು ತಂದುಕೊಟ್ಟಳು. ಅವರ ಹಸು ಈದು ಎರಡು ದಿನವಾಗಿದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ವಾಸನೆ ಮೂಗಿಗೆ ಬಿದ್ದರೆ ಮೊದಲೆಲ್ಲ ನನಗೆ ಬಾಯಲ್ಲಿ ನೀರೂರುತ್ತಿತ್ತು, ಅಷ್ಟೆ. ಈಗ ನೀರೂ ಊರುತ್ತದೆ, ಮುಖ ಮುಚ್ಚಿಕೊಳ್ಳಬೇಕು ಅಂತಲೂ ಅನ್ನಿಸುತ್ತದೆ. ಕಾರಣ ಹೇಳಿದರೆ ನೀವು ನಗುತ್ತೀರೋ ಬಯ್ಯುತ್ತೀರೋ ಗೊತ್ತಿಲ್ಲ. ಮೂರು ವರ್ಷದ ಕೆಳಗೆ ನಾನು ಫೋನಿನಲ್ಲಿ ಒತ್ತಿದ ಒಂದು ಹಸಿರು ಗುರುತಿನಿಂದ, ನಾನು ಕಂಡಿಲ್ಲದ ಊರಿನ, ಕಂಡಿಲ್ಲದ ಮನೆಯ ಹಸುವಿಗೆ ಕೇಡಾಯಿತು. ಕೆಟ್ಟ ಬುದ್ಧಿಯಿಂದ ಒತ್ತಿದ್ದಲ್ಲ. ಮರ್ಯಾದೆಗೆ ಒತ್ತಿದ್ದು.

ನಮ್ಮ ಕಡೆ ಪ್ರಶ್ನೆ ಕೇಳುವ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಪೆದ್ದುತನ ನಿಮಗೆ ಬರೀ ಪೆದ್ದುತನವಾಗಿಯೇ ಕಂಡೀತು. ಪಣಕಹಳ್ಳಿಯಲ್ಲಿ ಯಾರಿಗೆ ಏನು ಕೇಳಬೇಕಿದ್ದರೂ ಹೋಗುವುದು ನಮ್ಮ ದೊಡ್ಡಪ್ಪನ ಜಗಲಿಗೆ. ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಎಂಬತ್ತು ದಾಟಿದೆ, ಹಣೆಯ ವಿಭೂತಿ ಮಧ್ಯಾಹ್ನವಾದರೂ ಅಳಿಸಿರುವುದಿಲ್ಲ. ದನದ ಕಾಯಿಲೆ, ಒಲೆ ಹಾಕುವ ದಿಕ್ಕು, ರಾಗಿ ಬಿತ್ತುವ ಹದ, ಎಲ್ಲವೂ ಅಲ್ಲೇ ತೀರ್ಮಾನ. ಆದರೆ ಹೋದವರು ಹೋದ ಕೂಡಲೇ ಕೇಳುವಂತಿಲ್ಲ.

"ಏನ್ಲಾ, ಬಂದ್ಯಾ?"

"ಊಂ ದೊಡ್ಡಪ್ಪ, ಸುಮ್ನ ಬಂದೆ."

ಸುಮ್ಮನೆ ಬಂದವನಲ್ಲ ಎಂದು ಅವರಿಗೂ ಗೊತ್ತು. ಆದರೂ ಮಳೆಯ ಮಾತು, ಜೋಳದ ಹೊಲಕ್ಕೆ ನುಗ್ಗಿದ ಆನೆಯ ಮಾತು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಮಾಚಾರ ಎಲ್ಲ ಮುಗಿಯಬೇಕು. ಎದ್ದು ನಿಂತು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟುವ ಹೊತ್ತಿಗೆ, "ಅಂದಂಗ ದೊಡ್ಡಪ್ಪ..." ಎಂದು ಎಳೆದರೆ ಅದು ಪ್ರಶ್ನೆ. ಅವರು ಉತ್ತರ ಹೇಳುತ್ತಾರೆ. ನಾವು "ಊಂ" ಅನ್ನುತ್ತೇವೆ. ಈ ಊಂ ಒಪ್ಪಿಗೆಯಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನೀವು ಹೇಳಿದ್ದು ಕಿವಿಗೆ ಬಿತ್ತು, ನಿಮ್ಮ ಹಿರಿತನ ದೊಡ್ಡದು ಎಂದಷ್ಟೇ ಅದರ ಅರ್ಥ. ಒಂದು ವರ್ಷ ಅವರು ಹುರುಳಿ ಚೆಲ್ಲು ಅಂದರು, ನಾನು ಊಂ ಅಂದು ಬಂದು ಕೋಸು ನೆಟ್ಟೆ. ಎರಡು ತಿಂಗಳ ಮೇಲೆ ಹೊಲದ ಬದುವಿನಲ್ಲಿ ನಿಂತು, "ಕೋಸು ಚೆಂದಾಗಿ ಕಟ್ಟದ ಕಣ್ಲಾ" ಅಂದರು. ಅವರಿಗೂ ಬೇಸರವಿಲ್ಲ, ನನಗೂ ನಾಚಿಕೆಯಿಲ್ಲ.

ಹೀಗೆ ಬೆಳೆದವನಿಗೆ ಜೀರಹಳ್ಳಿಯ ನನ್ನ ಭಾವಮೈದ ಫೋನಿನಲ್ಲಿ ಒಂದು ಜಾಗ ತೋರಿಸಿಕೊಟ್ಟ. ರೈತರು ಪ್ರಶ್ನೆ ಕೇಳುವುದು, ಗೊತ್ತಿದ್ದವರು ಉತ್ತರ ಹೇಳುವುದು. ಎಲ್ಲ ಕನ್ನಡದಲ್ಲೇ. ನಮ್ಮೂರು ತಮಿಳುನಾಡಿಗೆ ಸೇರಿದ್ದು; ತಮಿಳಿನಲ್ಲಿ ಆಫೀಸಿಗೆ ಮನು, ಅಂದರೆ ಅರ್ಜಿ, ಬರೆದೂ ಬರೆದೂ ಸವೆದ ನನಗೆ ಕನ್ನಡದಲ್ಲಿ ಏನಾದರೂ ಕೇಳಬಹುದು ಎಂಬುದೇ ಹಬ್ಬವಾಯಿತು. ಆದರೆ ಅಭ್ಯಾಸ ಎಲ್ಲಿ ಹೋಗುತ್ತದೆ? ಮೊದಲ ಪ್ರಶ್ನೆಯನ್ನೂ ಮನುವಿನ ಹಾಗೇ ಬರೆದೆ. ಯಾರಿಂದ, ಯಾರಿಗೆ, ಪೂಜ್ಯರಲ್ಲಿ ನಮಸ್ಕಾರಗಳು, ನಮ್ಮ ಕಡೆ ಈ ಸಲ ಮಳೆ ಪರವಾಗಿಲ್ಲ, ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಕಟ್ಟಕಡೆಯ ಸಾಲಿನಲ್ಲಿ, ಅಂದ ಹಾಗೆ ಕೋಸಿನ ಎಲೆಯಲ್ಲಿ ತೂತು ಬೀಳುತ್ತಿದೆ.

ಕಾಲು ಗಂಟೆಯಲ್ಲಿ ಮೇಲ್ವಿಚಾರಕರು ಯಾರೋ ಅಷ್ಟನ್ನೂ ಕತ್ತರಿಸಿ, "ಕೋಸಿನ ಎಲೆಯಲ್ಲಿ ತೂತು: ಕಾರಣವೇನು?" ಎಂದು ಒಂದೇ ಸಾಲು ಉಳಿಸಿದ್ದರು. ನಮಸ್ಕಾರವೂ ಹೋಯಿತು, ಮಳೆಯೂ ಹೋಯಿತು. ಕೆಳಗೆ ಒಂದು ಟಿಪ್ಪಣಿ: ಈ ಪ್ರಶ್ನೆ ಮೊದಲೇ ಬಂದಿದೆ, ಕೇಳುವ ಮುನ್ನ ಹುಡುಕಿ ನೋಡಿ. ಬಾಗಿಲಲ್ಲೇ ಕತ್ತು ಹಿಡಿದು ಹೊರಗೆ ಹಾಕಿದ ಹಾಗಾಯಿತು ನನಗೆ. ನಮ್ಮ ದೊಡ್ಡಪ್ಪನಿಗೆ ಅದೇ ಪ್ರಶ್ನೆಯನ್ನು ಪ್ರತಿ ವರ್ಷ, ಅದೇ ಜನ ಕೇಳುತ್ತಾರೆ. ಹೋದ ವರ್ಷವೇ ಹೇಳಿದೆನಲ್ಲ ಎಂದು ಅವರು ಒಮ್ಮೆಯೂ ಅಂದವರಲ್ಲ.

ಆದರೂ ಬಿಡಲಿಲ್ಲ. ಅಲ್ಲಿನ ರೀತಿನೀತಿಗಳನ್ನು ಕೂತು ಓದಿದೆ. ಸುತ್ತಿ ಬಳಸಬೇಡಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಧನ್ಯವಾದ ಹೇಳಲು ಉತ್ತರದ ಜಾಗ ಬಳಸಬೇಡಿ. ಧನ್ಯವಾದವೂ ಬೇಡವೆಂದರೆ ಇನ್ನೇನು ಉಳಿಯಿತು ಎಂದು ನನ್ನ ಹೆಂಡತಿಯನ್ನು ಕೇಳಿದೆ. "ಕೆಲ್ಸ ಉಳಿತದ" ಅಂದಳು ಅವಳು, ಸೌದೆ ಒಲೆಗೆ ತುರುಕುತ್ತ. ಕೊನೆಯ ನಿಯಮ ಹೀಗಿತ್ತು: ಯಾವ ಉತ್ತರದಿಂದ ನಿಮ್ಮ ಸಮಸ್ಯೆ ಬಗೆಹರಿಯಿತೋ ಅದಕ್ಕೆ ಹಸಿರು ಗುರುತು ಒತ್ತಿ. ಒಂದೇ ಒಂದಕ್ಕೆ. ಗುರುತು ಬಿದ್ದ ಉತ್ತರ ಎಲ್ಲಕ್ಕಿಂತ ಮೇಲೆ ಕೂರುತ್ತದೆ.

ಈ ನಡುವೆ ನಾನೊಂದು ಕೆಲಸ ಮಾಡಿದ್ದೆ. ದೊಡ್ಡಪ್ಪನ ಫೋನಿಗೂ ಅದನ್ನು ಹಾಕಿಕೊಟ್ಟಿದ್ದೆ. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ತೋರಿಸಿದ ಮೇಲೆ ಅವರನ್ನು ಹಿಡಿಯುವವರೇ ಇಲ್ಲ. ನಾಡಿನ ಯಾವ ಮೂಲೆಯ ಯಾವ ಪ್ರಶ್ನೆಗಾದರೂ ಉತ್ತರ. ಗುಲಾಬಿ ತೋಟದವರನ್ನೂ ಬಿಡಲಿಲ್ಲ. ಆದರೆ ಯಾರೂ ಅವರ ಉತ್ತರಕ್ಕೆ ಹಸಿರು ಗುರುತು ಹಾಕುತ್ತಿರಲಿಲ್ಲ. "ಇವತ್ತಾರ ಯಾರಾರ ಒತ್ತವ್ರಾ ನೋಡ್ಲಾ" ಎಂದು ಕನ್ನಡಕ ಹಣೆಗೇರಿಸಿ ಫೋನನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ದಿನವೂ ಇಲ್ಲ ದೊಡ್ಡಪ್ಪ ಅನ್ನಬೇಕಾಗುತ್ತಿತ್ತು.

ಹಾಗಿರುವಾಗ ನಮ್ಮ ಕೆಂಪಿ ಈಯಿತು. ಬೆಳಿಗ್ಗೆ ಕರು ಹಾಕಿತು, ಸಂಜೆಯಾದರೂ ಕರುವಿನ ಹಿಂದೆಯೇ ಬೀಳಬೇಕಾದ ಮಾಸು ಬೀಳಲಿಲ್ಲ, ಅರ್ಧ ಹೊರಗೆ ನೇತಾಡುತ್ತಿತ್ತು. ಈ ಸಲ ನಾನು ನಮಸ್ಕಾರ ಬಿಟ್ಟು, ಮಳೆ ಬಿಟ್ಟು, ನೇರವಾಗಿ ಕೇಳಿದೆ. ಒಬ್ಬ ಪಶುವೈದ್ಯೆ ಉತ್ತರಿಸಿದರು: ಎಳೆಯಬೇಡಿ, ಭಾರ ಕಟ್ಟಬೇಡಿ, ಹನ್ನೆರಡು ಗಂಟೆ ಕಳೆದಿದ್ದರೆ ವೈದ್ಯರನ್ನು ಕರೆಸಿ. ಅದರ ಕೆಳಗೆ ನಮ್ಮ ದೊಡ್ಡಪ್ಪ: ನೇತಾಡುವ ಮಾಸಿಗೆ ಒಂದು ಕಲ್ಲು ಕಟ್ಟು, ಅದರ ಭಾರಕ್ಕೆ ತಾನೇ ಇಳಿಯುತ್ತದೆ, ನಮ್ಮ ಅಪ್ಪನ ಕಾಲದಿಂದ ಹೀಗೇ.

"ಕಲ್ಲೂ ಬ್ಯಾಡ ಗಿಲ್ಲೂ ಬ್ಯಾಡ, ಡಾಕ್ಟ್ರ ಕರೀರಿ ಮೊದ್ಲು" ಅಂದಳು ಹೆಂಡತಿ. ತಾಳವಾಡಿಯಿಂದ ಡಾಕ್ಟರು ಬೈಕಿನಲ್ಲಿ ಬಂದರು. ಕೈ ಹಚ್ಚುವ ಮೊದಲೇ, "ಇಳುಕ್ಕಾದೀಂಗ, ಯಾರುಮೇ ಇಳುಕ್ಕಾದೀಂಗ" ಎಂದು ತಮಿಳಿನಲ್ಲಿ ಅದೇ ಮಾತು: ಎಳೆಯಬೇಡಿ, ಯಾರೂ ಎಳೆಯಬೇಡಿ. ಸೂಜಿ ಕೊಟ್ಟರು, ಔಷಧಿ ಇಟ್ಟರು. ಕೆಂಪಿ ಎರಡು ದಿನದಲ್ಲಿ ಮೇವಿಗೆ ಬಾಯಿ ಹಾಕಿತು.

ಫೋನು ಕೇಳಿತು: ಯಾವ ಉತ್ತರದಿಂದ ಸಮಸ್ಯೆ ಬಗೆಹರಿಯಿತು? ನಾನು ಯೋಚಿಸಿದೆ. ಆ ವೈದ್ಯೆಗೆ ಹಸಿರು ಗುರುತುಗಳು ನೂರಾರು ಇದ್ದವು, ನನ್ನದೊಂದು ಇಲ್ಲದಿದ್ದರೆ ಅವರಿಗೆ ತಿಳಿಯುವುದೂ ಇಲ್ಲ. ದೊಡ್ಡಪ್ಪನಿಗೆ ಒಂದೂ ಇಲ್ಲ. ಮನೆಯ ಹಿರಿಯರ ಮಾತನ್ನು ಕೆಳಗಿಟ್ಟು ಯಾರದೋ ಮಾತನ್ನು ಮೇಲಿಟ್ಟರೆ ನಾಳೆ ಜಗಲಿಗೆ ಯಾವ ಮುಖ ಹೊತ್ತು ಹೋಗಲಿ? ಒತ್ತಿದೆ. ಊಂ ಅಂದ ಹಾಗೆ ಒತ್ತಿದೆ. ಅರ್ಧ ಗಂಟೆಯಲ್ಲಿ ದೊಡ್ಡಪ್ಪನ ಫೋನು, ದನಿಯೇ ಬೇರೆ. "ಬಂತು ಕಣ್ಲಾ, ಹಸ್ರು ಬಂತು!" ಎಂದಿಲ್ಲದ ಸಡಗರಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಇಲ್ಲದ ಹಕಾರವೂ ಬಾಯಿ ತಪ್ಪಿ ಬಂದುಬಿಟ್ಟಿತ್ತು. ನಾನು ಒಬ್ಬನೇ ನಕ್ಕೆ. ಹಸು ಉಳಿಯಿತು, ದೊಡ್ಡಪ್ಪ ಗೆದ್ದರು, ಯಾರಿಗೂ ನಷ್ಟವಿಲ್ಲ ಎಂದುಕೊಂಡೆ.

ಏಳೆಂಟು ತಿಂಗಳ ಮೇಲೆ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ಅದೇ ಪ್ರಶ್ನೆಯ ಕೆಳಗೆ ಬರೆದಳು. "ನೀವು ಸರಿ ಅಂತ ಗುರುತು ಹಾಕಿದ್ದು ನೋಡಿ ನಾವೂ ಕಲ್ಲು ಕಟ್ಟಿದ್ವಿರಿ. ಗರ್ಭಕೋಶನ ಹೊರಗ ಬಂತು. ಆಕಳ ಜೀವ ಉಳಿದೈತಿ, ಇನ್ನ ಗಬ್ಬ ನಿಲ್ಲೂದು ಕಷ್ಟ ಅಂತ ಡಾಕ್ಟರ್ ಹೇಳ್ಯಾರ. ಕಟ್ಟೂದ್ರಾಗ ನಾವೇನು ತಪ್ಪು ಮಾಡೀವಿ? ನಿಮ್ಮ ಆಕಳಿಗೆ ಹೆಂಗ ಆರಾಮ ಆತು, ಒಂದೀಟು ಹೇಳ್ರಿ."

ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಆ ಹೆಣ್ಣುಮಗಳು ತನ್ನ ಕೈಯಲ್ಲೇ ತಪ್ಪು ಹುಡುಕುತ್ತಿದ್ದಳು. ನಾವು ಕಲ್ಲು ಕಟ್ಟಲೇ ಇಲ್ಲ ತಾಯಿ, ಡಾಕ್ಟರನ್ನು ಕರೆಸಿದೆವು, ನಿಮ್ಮ ತಪ್ಪಲ್ಲ, ನನ್ನದು, ಕ್ಷಮಿಸಿ ಎಂದು ಬರೆದೆ. ಗಾಬರಿಯಲ್ಲಿ ಉತ್ತರದ ಜಾಗದಲ್ಲಿ ಬರೆದುಬಿಟ್ಟಿದ್ದೆ. ಮರುದಿನ ನೋಡಿದರೆ ಅದನ್ನು ತೆಗೆದುಹಾಕಿ, "ಇದು ಪ್ರಶ್ನೆಗೆ ಉತ್ತರವಲ್ಲ" ಎಂದು ಬರೆದಿದ್ದರು. ಅವರ ನಿಯಮದ ಪ್ರಕಾರ ಸರಿಯೇ. ಕ್ಷಮೆ ಕೇಳಲು ಅಲ್ಲಿ ಜಾಗ ಎಲ್ಲಿದೆ ಎಂದು ಹುಡುಕಿ ಹುಡುಕಿ ಸೋತು, ಕೊನೆಗೆ ಅವಳ ಮಾತಿನ ಕೆಳಗೇ ಸಣ್ಣ ಅಕ್ಷರದಲ್ಲಿ ಬರೆದೆ. ಓದಿದಳೋ ಇಲ್ಲವೋ, ತಿಳಿಯಲಿಲ್ಲ.

ಗುರುತನ್ನು ತೆಗೆದು ವೈದ್ಯೆಯ ಉತ್ತರಕ್ಕೆ ಹಾಕಬೇಕಿತ್ತು. ಹಾಕಿದರೆ ದೊಡ್ಡಪ್ಪನಿಗೆ ತಿಳಿಯುತ್ತದೆ, ಫೋನೇ ಹೇಳಿಬಿಡುತ್ತದೆ. ಫೋನು ಹೇಳುವ ಮೊದಲು ನಾನೇ ಹೇಳಬೇಕೆಂದು ಜಗಲಿಗೆ ಹೋದೆ. ಮಳೆಯ ಮಾತಾಯಿತು, ಆನೆಯ ಮಾತಾಯಿತು. ಚಪ್ಪಲಿ ಮೆಟ್ಟುತ್ತ ಹೇಳಿದೆ. ಹೆಣ್ಣುಮಗಳು ಬರೆದದ್ದನ್ನು ಓದಿದೆ.

"ಅಂಗಾರ ನಿನ್ ಅಸೂಗ ನೀ ಕಲ್ ಕಟ್ನಿಲ್ವಾ?"

"ಇಲ್ಲ ದೊಡ್ಡಪ್ಪ."

"ನೀ ಒತ್ತಿದ್ದ ನೋಡಿ, ನಂದು ನಿಜವೇ ಅನ್ಕಂಡು ಇನ್ನೂ ಇಬ್ಬರ್ಗ ಯೋಳ್ಬುಟ್ಟೆ ಕಣ್ಲಾ" ಅಂದರು. ಆಮೇಲೆ ಮೆಲ್ಲಗೆ, "ಇಲ್ಲಿ ನಿಂತ್ಕಂಡು ನೀ ಊಂ ಅಂದ್ರ ನಿನ್ ಮೊಕ ನೋಡುದ್ರೇ ತಿಳೀತದ ನಂಗ, ಇವ್ನು ಮಾಡೋನಲ್ಲ ಅಂತ. ಆ ಫೋನಲ್ಲಿ ಮೊಕ ಎಲ್ಲದ್ಲಾ?"

ನನ್ನ ಬಾಯಿಂದ ಹೊರಟಿದ್ದು ಹಳೆಯ ಮಾತೇ: "ನಿಮ್ದೇನೂ ತಪ್ಪಿಲ್ಲ ಬುಡಿ ದೊಡ್ಡಪ್ಪ." ನೋಡಿ, ಅಷ್ಟಾದ ಮೇಲೂ, ನಿಂತ ನಿಲುವಿನಲ್ಲೇ ಮತ್ತೊಂದು ಹಸಿರು ಗುರುತು ಹಾಕಿದ್ದೆ.

ಗುರುತು ಬದಲಾಯಿಸಿದೆ. ದೊಡ್ಡಪ್ಪ ಆಮೇಲೆ ಫೋನಿನಲ್ಲಿ ಯಾರಿಗೂ ಉತ್ತರ ಹೇಳಲಿಲ್ಲ. ಜಗಲಿಯಲ್ಲಿ ಕೇಳಿದವರಿಗೂ, "ಡಾಕ್ಟ್ರನ್ನೂ ಒಂದ್ ಮಾತ ಕೇಳಿ" ಎಂದು ಸೇರಿಸತೊಡಗಿದರು. ನನಗೆ ಈಗಲೂ ಗೊಂದಲವೇ. ನಮಸ್ಕಾರ ಕತ್ತರಿಸುವವರು ಒರಟರೆಂದು ಬಯ್ದುಕೊಂಡಿದ್ದೆ. ಅವರು ಕಾಯುತ್ತಿದ್ದುದು ಮುಂದೆಂದೋ ಹಸು ಬಿದ್ದ ಗಾಬರಿಯಲ್ಲಿ ಬಂದು ಓದುವ, ಹೆಸರು ಗೊತ್ತಿಲ್ಲದ ಮನುಷ್ಯರನ್ನು. ನಾನು ಮರ್ಯಾದೆ ಮಾಡಿದ್ದು ಎದುರಿಗಿದ್ದವರಿಗೆ ಮಾತ್ರ. ಹಾಗೆಂದು ಎದುರಿಗಿದ್ದವರ ಮುಖ ಮುರಿದು ಬದುಕುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದೂ ಸುಲಭವಲ್ಲ.

ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ದೊಡ್ಡಪ್ಪ ಬರಹೇಳಿದರು. ಹೋದೆ. ಶಿವಮ್ಮನ ಹಸು ಸಲೀಸಾಗಿ ಈದ ಸುದ್ದಿ ಅವರಿಗೂ ಮುಟ್ಟಿತ್ತು. ಈ ಸಲ ಮಳೆಯ ಮಾತಿಲ್ಲ, ಆನೆಯಿಲ್ಲ. ಕೂರುವ ಮೊದಲೇ ಫೋನು ನನ್ನ ಕೈಗಿಟ್ಟರು.

"ಬರೀಲಾ. ನಾನು ಕೇಳ್ತಾ ಇವ್ನಿ ಅಂತ ಬರಿ. ಆ ಎಣ್ಮಗಳ ಅಸ ಈಗ ಎಂಗದ?"

ಜೀವಮಾನವಿಡೀ ಉತ್ತರ ಹೇಳಿದವರು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಇದೇ ಮೊದಲು. ಹಾವೇರಿಯ ಆ ಹೆಣ್ಣುಮಗಳನ್ನು ಕರೆದು ಹೊಸ ಪ್ರಶ್ನೆಯಾಗಿ ಹಾಗೇ ಬರೆದೆ, ಕಲ್ಲು ಕಟ್ಟಲು ಹೇಳಿದ ಅಜ್ಜ ಕೇಳುತ್ತಿದ್ದಾರೆ ಎಂದು ಸೇರಿಸಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು. "ಗಬ್ಬ ನಿಂತಿಲ್ಲರಿ ಅಜ್ಜ. ಹಾಲಿಲ್ಲ. ಮನಿಯಾಗ ಐತಿ, ಯಾರಿಗೂ ಕೊಟ್ಟಿಲ್ಲ." ಅದರ ಹಿಂದೆಯೇ ಮೇಲ್ವಿಚಾರಕರ ಸಾಲು: ಇತರರಿಗೆ ಉಪಯೋಗವಾಗುವ ಪ್ರಶ್ನೆಯಲ್ಲವಾದ್ದರಿಂದ ಮುಚ್ಚಲಾಗಿದೆ.

ಎರಡನ್ನೂ ಓದಿ ಹೇಳಿದೆ. ದೊಡ್ಡಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ನಿಮ್ಮದೇನೂ ತಪ್ಪಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಯೋಳ್ಲಾ. ನನ್ನಿಂದ್ಲೇ ಅಲ್ವಾ ಅದು ಅಂಗಾಗಿದ್ದು?"

"ಊಂ ದೊಡ್ಡಪ್ಪ" ಅಂದೆ. "ನಿಮ್ಮಿಂದ್ಲೂ, ನನ್ನಿಂದ್ಲೂ."